ಹಾಲಿನ ಪುಡಿಯ ಸುದ್ದಿ

ಆ ಹೆಡ್‌ಮಾಸ್ಟರು ತೀರಿಕೊಂಡು ಬಹಳ ವರ್ಷಗಳಾದವು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡುತ್ತೇನೆ. ಬದುಕಿದ್ದಾಗ ಅವರ ಬಗ್ಗೆ ಒಳ್ಳೆಯದನ್ನು ಆಡಲು ಊರಿಗೆ ಊರೇ ಇತ್ತು, ಒಂದು ಪತ್ರಿಕೆಯೂ ಇತ್ತು. ನನ್ನ ಪರವಾಗಿ ಎರಡೂ ಇರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಅಕ್ಕಿಗೆ ರೇಷನ್ನು ಬಂದಿದ್ದ ಕಾಲ. ನಾನು ತೀರ್ಥಹಳ್ಳಿಯ ಹುಡುಗಿ. ಟ್ರೈನಿಂಗ್ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಶಾಲೆ ಹೊಸನಗರ ತಾಲೂಕಿನದು, ರಿಪ್ಪನ್‌ಪೇಟೆಯಿಂದ ನಾಲ್ಕೈದು ಮೈಲಿ ಆಚೆಗೆ. ಊರಿನ ಹೆಸರು ಬರೆಯುವುದಿಲ್ಲ, ಹೆಡ್‌ಮಾಸ್ಟರ ಮೊಮ್ಮಕ್ಕಳು ಅಲ್ಲಿದ್ದಾರೆ. ಶಾಲೆಯಲ್ಲಿ ನಾವು ಮೂವರು. ಹೆಡ್‌ಮಾಸ್ಟರು, ಇನ್ನೊಬ್ಬರು ಮೇಷ್ಟ್ರು, ನಾನು. ಮೇಷ್ಟ್ರು ಯಾವ ವಿಷಯಕ್ಕೂ 'ಹೌದು' ಎನ್ನುತ್ತಿದ್ದರು, ಆಮೇಲೆ ಮೂಗಿಗೆ ನಶ್ಯ ಏರಿಸುತ್ತಿದ್ದರು. ಅವರ ಬಗ್ಗೆ ಇಷ್ಟು ಸಾಕು.

ಮಧ್ಯಾಹ್ನ ಮಕ್ಕಳಿಗೆ ಹಾಲು ಕೊಡಬೇಕು ಎಂದು ಸರ್ಕಾರದ ಆರ್ಡರು. ಅಮೆರಿಕದಿಂದ ಬಂದ ಹಾಲಿನ ಪುಡಿ. ದಪ್ಪ ರಟ್ಟಿನ ಡ್ರಮ್ಮುಗಳ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡ ಚಿತ್ರ. ಹೊಸನಗರದಿಂದ ಗಾಡಿಯಲ್ಲಿ ಬರುತ್ತಿದ್ದವು. ಬಿಸಿನೀರಿಗೆ ಪುಡಿ ಹಾಕಿ ಕದಡುವ ಕೆಲಸವನ್ನು ಹೆಡ್‌ಮಾಸ್ಟರು ಯಾರಿಗೂ ಬಿಡುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಕದಡುತ್ತಿದ್ದರು. ಮಕ್ಕಳು ಮನೆಯಿಂದ ತಂದ ಲೋಟ ಹಿಡಿದು ಸಾಲಾಗಿ ನಿಲ್ಲುತ್ತಿದ್ದವು. ಲೋಟಕ್ಕೆ ಬೀಳುತ್ತಿದ್ದುದು ಅಕ್ಕಿ ತೊಳೆದ ನೀರಿನ ಬಣ್ಣದ್ದು. ಅಮೆರಿಕದ ಹಾಲೇ ಹೀಗಿರಬೇಕು ಅಂತ ನಾನೂ ಆರು ತಿಂಗಳು ನಂಬಿದ್ದೆ.

ಬೇಸಿಗೆಗೆ ಮುಂಚೆ ನಮ್ಮನ್ನು ಮನೆಮನೆಗೆ ಮಕ್ಕಳ ಲೆಕ್ಕ ಬರೆಯಲು ಕಳಿಸುತ್ತಿದ್ದರು. ಬಸ್ಸು ನಿಲ್ಲುವ ಕಡೆ ಊರಿಗೆ ಒಂದೇ ಹೋಟೆಲು. ಅದರ ಯಜಮಾನರ ಮನೆ ಹೋಟೆಲಿನ ಬೆನ್ನಿಗೇ ಇತ್ತು. ಹಿತ್ತಲ ಬಾಗಿಲಿಂದ ಹೋದೆ. ಅಲ್ಲಿ ಕೈಕೈ ಹಿಡಿದ ಚಿತ್ರದ ಡ್ರಮ್ಮು ಮೂರು. ಒಂದರಲ್ಲಿ ಉಮಿ, ಒಂದರಲ್ಲಿ ಇದ್ದಿಲು, ಮೂರನೆಯದರಲ್ಲಿ ಅರ್ಧದವರೆಗೆ ಪುಡಿ, ಅದರೊಳಗೆ ಹಿತ್ತಾಳೆಯ ಸೌಟು. ಯಜಮಾನರ ಹೆಂಡತಿ ನಾನು ನೋಡಿದ್ದನ್ನು ನೋಡಿದರು. ಪಾಪ, ಆಕೆಗೆ ಮುಚ್ಚಿಡುವ ಬುದ್ಧಿ ಇರಲಿಲ್ಲ.

"ಕಾಫಿ ದಪ್ಪ ಬತ್ತದೆ ಅಕ್ಕೋರೆ. ಹೆಡ್‌ಮಾಷ್ಟ್ರು ಕೊಡ್ತಾರೆ. ನಿಮಗೂ ಒಂದು ಲೋಟ ಮಾಡ್ಲಾ?"

ನಾನು ಕುಡಿಯಲಿಲ್ಲ.

ಶಾಲಾ ಇನ್ಸ್‌ಪೆಕ್ಟರಿಗೆ ಹೇಳಬಹುದಿತ್ತು. ಆದರೆ ಇನ್ಸ್‌ಪೆಕ್ಟರು ಬಂದಾಗ ಊಟ ಮಾಡುತ್ತಿದ್ದುದು ಹೆಡ್‌ಮಾಸ್ಟರ ಮನೆಯಲ್ಲಿ. ಎರಡನೇ ಸಲ ಬಡಿಸುವಾಗ "ಸಾಕು, ಸಾಕು" ಎಂದು ಎಲೆಗೆ ಅಡ್ಡ ಕೈ ಹಿಡಿಯುತ್ತಲೇ ಬೆರಳು ಅಗಲಿಸುವ ಜಾತಿಯವರು. ನಮ್ಮ ಅಪ್ಪ ಬೆಂಗಳೂರಿನ ಪತ್ರಿಕೆಯನ್ನು ಅಂಚೆಯಲ್ಲಿ ತರಿಸಿ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದರು. "ಪೇಪರಲ್ಲಿ ಬಂದ್ರೆ ಸರ್ಕಾರ ಎದ್ದು ಕೂರ್ತದೆ" ಎನ್ನುವುದು ಅವರ ವೇದವಾಕ್ಯ. ಅದನ್ನು ಕೇಳಿಯೇ ಬೆಳೆದವಳು ನಾನು. ಆದರೆ ಬೆಂಗಳೂರಿನ ಪತ್ರಿಕೆಗೆ ನಮ್ಮ ಊರು ಯಾವ ಲೆಕ್ಕ? ನಮ್ಮ ಕಡೆಯ ಸುದ್ದಿ ಹಾಕುತ್ತಿದ್ದುದು ಸಾಗರದಿಂದ ಬರುತ್ತಿದ್ದ ಒಂದು ವಾರಪತ್ರಿಕೆ. ನಾಲ್ಕು ಪುಟ. ಅಡಿಕೆ ಧಾರಣೆ, ಕೋರ್ಟಿನ ನೋಟೀಸು, ಮದುವೆಯ ಶುಭಾಶಯ, ಮೂರನೇ ಪುಟದಲ್ಲಿ 'ಕೇಳಿಬಂದದ್ದು' ಎಂಬ ಅಂಕಣ. ಊರೂರಿನ ಗುಟ್ಟು ಅದರಲ್ಲಿ ಹೆಸರಿಲ್ಲದೆ ಬರುತ್ತಿತ್ತು. ಜನ ಪತ್ರಿಕೆಯನ್ನು ಮೂರನೇ ಪುಟದಿಂದಲೇ ಓದಲು ಶುರುಮಾಡುತ್ತಿದ್ದರು.

ನಾನು ಆ ಅಂಕಣಕ್ಕೆ ಕಾಗದ ಬರೆದೆ. 'ಒಬ್ಬ ಪೋಷಕ' ಎಂದು ಸಹಿ ಮಾಡಿದೆ. ಮೂರು ಸಲ ತಿದ್ದಿ ಬರೆದದ್ದು. 'ಕಂದಮ್ಮಗಳ ಬಾಯಿಗೆ ಬೀಳಬೇಕಾದ ಹಾಲು ಹೋಟೆಲಿನ ಲೋಟಕ್ಕೆ ಬೀಳುತ್ತಿದೆ' ಎಂಬ ಒಂದು ವಾಕ್ಯ ಅದರಲ್ಲಿತ್ತು. ನನಗೆ ಅದರ ಬಗ್ಗೆ ಹೆಮ್ಮೆ. ಜೋರಾಗಿ ಓದಿಕೊಂಡು ನೋಡಿದ್ದೆ. ಊರಿನ ಪೋಸ್ಟಾಫೀಸಿನಲ್ಲಿ ಹಾಕಿದರೆ ವಿಳಾಸ ನೋಡುತ್ತಾರೆ ಎಂದು ಹೊಸನಗರಕ್ಕೆ ಮೀಟಿಂಗಿಗೆ ಹೋದಾಗ ಅಲ್ಲಿಯ ಡಬ್ಬಿಗೆ ಹಾಕಿದೆ. ಎಷ್ಟು ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪತ್ರಿಕೆ ನಮ್ಮ ಊರಿಗೆ ಬರುತ್ತಿದ್ದುದು ಗುರುವಾರದ ಬಸ್ಸಿಗೆ. ಹೋಟೆಲಿಗೆ ಒಂದು, ಕ್ಷೌರದ ಅಂಗಡಿಗೆ ಒಂದು, ನಾಲ್ಕಾರು ಮನೆಗೆ ಒಂದೊಂದು. ನಾನಿದ್ದ ಬಾಡಿಗೆ ಕೋಣೆಯ ಮನೆಯೊಡತಿಯೂ ತರಿಸುತ್ತಿದ್ದರು. ಗಂಡ ಸತ್ತ ಮೇಲೆ ಮನೆ ಜಮೀನು ಎರಡನ್ನೂ ಒಬ್ಬರೇ ಆಳುತ್ತಿದ್ದ ಹವ್ಯಕರ ಹೆಂಗಸು. ಅವರು ಓದಿ ಜಗಲಿಯ ಮೇಲೆ ಹಾಕುತ್ತಿದ್ದರು, ನಾನು ಆಮೇಲೆ ಎತ್ತಿಕೊಳ್ಳುತ್ತಿದ್ದೆ. ಒಂದು ಗುರುವಾರ ನೋಡಿದೆ, ಇಲ್ಲ. ಎರಡನೆಯ ಗುರುವಾರವೂ ಇಲ್ಲ. ಮೂರನೆಯ ಗುರುವಾರ ಜಗಲಿಯ ಮೇಲೆ ಪತ್ರಿಕೆಯೇ ಇರಲಿಲ್ಲ.

"ಅಮ್ಮ, ಈ ವಾರದ ಪೇಪರು ಬರ್ಲಿಲ್ವಾ?" ಎಂದು ಕೇಳಿದೆ.

"ಎಂತ ಪೇಪರು? ಯಂಗೆ ಪೇಪರ್ ಓದಲೆ ಪುರುಸೊತ್ತು ಎಲ್ಲಿದ್ದು?" ಎಂದವರು ನನ್ನ ಮುಖ ನೋಡದೆ ಒಳಗೆ ಹೋದರು. ಪ್ರತಿ ವಾರ ಕನ್ನಡಕ ಹಾಕಿಕೊಂಡು ಅಡಿಕೆ ಧಾರಣೆ ಓದಿ ನಿಟ್ಟುಸಿರು ಬಿಡುತ್ತಿದ್ದವರು!

ಮರುದಿನ ಶಾಲೆಯಲ್ಲಿ ಮೇಷ್ಟ್ರು 'ಹೌದು' ಎನ್ನುವುದನ್ನೂ ಬಿಟ್ಟಿದ್ದರು. ಹೆಡ್‌ಮಾಸ್ಟರು ಮಾತ್ರ ಎಂದಿಗಿಂತ ಮೃದುವಾಗಿ "ಬನ್ನಿ ಟೀಚರ್, ಕೂತ್ಕೊಳ್ಳಿ" ಎಂದರು. ನನ್ನ ತರಗತಿಯಲ್ಲಿ ಐದು ಮಕ್ಕಳು ಬಂದಿರಲಿಲ್ಲ. ಸಂಜೆ ದಾರಿಯಲ್ಲಿ ಒಬ್ಬಾಕೆ ತಲೆಯ ಮೇಲಿನ ಹುಲ್ಲಿನ ಹೊರೆಯ ಅಡಿಯಿಂದಲೇ ನನ್ನನ್ನು ನೋಡಿ ಪಕ್ಕಕ್ಕೆ ಉಗಿದಳು. ನಾನು ಎಲೆಯಡಿಕೆ ಇರಬೇಕು ಅಂದುಕೊಂಡೆ. ಅವಳ ತುಟಿ ಕೆಂಪಗಿರಲಿಲ್ಲ.

ಹೋಟೆಲಿನ ಮುಂದೆ ನಿಂತು ಪತ್ರಿಕೆ ಕೇಳಿದೆ. ಒಳಗೆ ಗಂಡಸರ ಮಾತು ತಟ್ಟನೆ ನಿಂತಿತು. "ಯಾರೋ ತಗಂಡೋದ್ರು" ಎಂದರು ಯಜಮಾನರು. ಪತ್ರಿಕೆ ಅವರ ಮೊಣಕೈ ಕೆಳಗೇ ಇತ್ತು. ಕ್ಷೌರದ ಅಂಗಡಿಗೆ ನಾನು ಹೋಗುವ ಹಾಗಿರಲಿಲ್ಲ, ಬಾಗಿಲ ಹೊರಗಿನಿಂದ ಕೂಗಿದೆ. ಕ್ಷೌರಿಕ ಕತ್ತಿ ಮಸೆಯುತ್ತಾ, "ಅದ್ರಲ್ಲಿ ಏನೂ ಇಲ್ಲ ಅಕ್ಕೋರೆ, ನೀವು ಮನೆಗೋಗಿ" ಎಂದ. ಹೆಡ್‌ಮಾಸ್ಟರನ್ನು ಬಿಟ್ಟರೆ ಆ ದಿನ ನನ್ನೊಂದಿಗೆ ಸಮಾಧಾನದಿಂದ ಮಾತಾಡಿದವನು ಅವನೊಬ್ಬನೇ. ಕರುಣೆಯಿಂದ ಹೇಳಿದನೋ, ಕುರ್ಚಿಯಲ್ಲಿ ಕೂತ ಗಿರಾಕಿ ನಗುತ್ತಿದ್ದಾನೆಂದು ಹೇಳಿದನೋ ತಿಳಿಯದು.

ಒಂದು ಊರಿನಲ್ಲಿ ಎಲ್ಲರೂ ಓದಿದ ಸುದ್ದಿ ನಿಮಗೊಬ್ಬರಿಗೇ ಸಿಗುವುದಿಲ್ಲ ಎಂದರೆ ಆ ಸುದ್ದಿ ನಿಮ್ಮದೇ. ಇದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಕಾಗದ ಅಚ್ಚಾಗಿದೆ, ಊರು ಗಲಿಬಿಲಿಗೊಂಡಿದೆ, ಅಷ್ಟೇ ಎಂದು ಒಳಗೊಳಗೆ ಖುಷಿಯೂ ಇತ್ತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಸಾಗರದ ಬಸ್ಸು ಹತ್ತಿದೆ. ಸಾಗರದಲ್ಲಿ ಓದುವ ಕೋಣೆ ಎಂದು ಒಂದು ಇತ್ತು. ಉದ್ದನೆಯ ಓರೆ ಮೇಜು, ಪತ್ರಿಕೆಗಳಿಗೆ ಮರದ ಪಟ್ಟಿ ಕಚ್ಚಿಸಿದ್ದರು. ಎರಡೂ ಕಡೆ ಗಂಡಸರು, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಾನು ಒಳಗೆ ಕಾಲಿಟ್ಟಾಗ ಅಲ್ಲಿ ನೋಡಿಕೊಳ್ಳುವವನು ಎದ್ದು ಬಂದ.

"ಹೆಂಗಸರಿಗೆ ಇಲ್ಲಿ ಜಾಗ ಇಲ್ಲ."

"ಬೋರ್ಡಿನಲ್ಲಿ ಹಾಗೆ ಬರ್ದಿಲ್ವಲ್ಲ."

"ಬರೀಬೇಕಾ? ಯಾರೂ ಬರಲ್ಲ, ಅದಕ್ಕೇ ಬರ್ದಿಲ್ಲ."

"ನಾನು ಕೂರಲ್ಲ. ನಿಂತ್ಕೊಂಡು ಓದ್ತೀನಿ."

ಅವನು ಗೊಣಗುತ್ತಾ ಹೋದ. ಆ ವಾರಪತ್ರಿಕೆಯ ಮುಂದೆ ಕೂತಿದ್ದ ಮುದುಕರು ಅಸಹ್ಯದಿಂದ ಎದ್ದು ಜಾಗ ಬಿಟ್ಟರು. ನಾನು ಮೂರನೇ ಪುಟ ತೆಗೆದೆ.

ಕಾಗದ ಅಚ್ಚಾಗಿತ್ತು. ನನ್ನ ಮಾತು, ನನ್ನ ಅಲ್ಪವಿರಾಮ. 'ಕಂದಮ್ಮಗಳ ಬಾಯಿಗೆ ಬೀಳಬೇಕಾದ ಹಾಲು ಹೋಟೆಲಿನ ಲೋಟಕ್ಕೆ ಬೀಳುತ್ತಿದೆ.' ಒಂದಕ್ಷರ ತಪ್ಪಿಲ್ಲದೆ. 'ಮುಖ್ಯೋಪಾಧ್ಯಾಯರು' ಎಂದು ನಾನು ಬರೆದ ಕಡೆಯಲ್ಲೆಲ್ಲ 'ತೀರ್ಥಹಳ್ಳಿ ಕಡೆಯಿಂದ ಬಂದ ಅವಿವಾಹಿತ ಶಿಕ್ಷಕಿ' ಎಂದಿತ್ತು. ಕೊನೆಗೆ ನಾನು ಬರೆಯದ ಒಂದು ಸಾಲು: 'ಹೋಟೆಲಿನ ಹಿತ್ತಲ ಬಾಗಿಲಲ್ಲಿ ಈಕೆಗೆ ಏನು ಕೆಲಸವೋ ಬಲ್ಲವರೇ ಬಲ್ಲರು.'

ಅಳು ಬರಲಿಲ್ಲ. ಪಕ್ಕದಲ್ಲಿದ್ದವರ ದೃಷ್ಟಿ ನನ್ನ ಕುತ್ತಿಗೆಯ ಮೇಲೆ ಇದ್ದದ್ದು ಗೊತ್ತಾಗುತ್ತಿತ್ತು. ಪುಟದ ಅಡಿಯಲ್ಲಿ ಪ್ರೆಸ್ಸಿನ ವಿಳಾಸವಿತ್ತು. ನಡೆದೇ ಹೋದೆ.

ಪ್ರೆಸ್ಸೆಂದರೆ ಒಂದು ಮಳಿಗೆ. ಮುಂದೆ ಮೇಜು, ಹಿಂದೆ ಕಾಲಲ್ಲಿ ತುಳಿಯುವ ಮಷಿನ್ನು. ಗೋಡೆಗೆ ಅಚ್ಚುಮೊಳೆ ಜೋಡಿಸುವ ಮರದ ಗೂಡುಗಳು. ಅವುಗಳ ಮುಂದೆ ಒಬ್ಬ ವಯಸ್ಸಾದ ಮನುಷ್ಯ ನಿಂತು ಅಕ್ಷರ ಹೆಕ್ಕುತ್ತಿದ್ದ. ಮೇಜಿನ ಹಿಂದೆ ಸಂಪಾದಕರು. ಅವರೇ ಮಾಲೀಕರು, ಅವರೇ ವರದಿಗಾರರು. ಬಿಳಿ ಜುಬ್ಬ, ಜೇಬಿನಲ್ಲಿ ಎರಡು ಪೆನ್ನು. ಮದುವೆಯ ಆಮಂತ್ರಣ ಮಾಡಿಸಲು ಬಂದಿದ್ದೇನೆಂದು ತಿಳಿದು ನಕ್ಕು, ನಾನು ಊರಿನ ಹೆಸರು ಹೇಳಿದ ಕೂಡಲೇ ನಗು ಮಡಿಸಿಟ್ಟರು.

"ಇದನ್ನ ಹೀಗೆ ಯಾಕೆ ಹಾಕಿದ್ರಿ?" ಎಂದೆ.

"ಹೀಗೆ ಅಂದ್ರೆ? ಬಂದ ಕಾಗದ ಹಾಕಿದ್ವಿ."

"ಬಂದ ಕಾಗದದಲ್ಲಿ ಹೀಗಿರಲಿಲ್ಲ."

"ಅದು ನಿಮಗೆ ಹೇಗೆ ಗೊತ್ತು?"

ಹಿಂದೆ ಮೊಳೆ ಹೆಕ್ಕುವ ಸದ್ದು ನಿಂತಿತು. ನಾನು ಸಿಕ್ಕಿಬಿದ್ದಿದ್ದೆ. ಒಂದು ಕ್ಷಣ ಹೊರಟುಹೋಗಿಬಿಡೋಣ ಎನಿಸಿತು. ಹೋಗಲಿಲ್ಲ.

"ಬರೆದವಳು ನಾನು."

ಸಂಪಾದಕರಿಗೆ ಆಶ್ಚರ್ಯವೇನೂ ಆಗಲಿಲ್ಲ. ಡ್ರಾಯರು ಎಳೆದು, ಮುಚ್ಚಿ, "ಗೊತ್ತು" ಎಂದರು. "ಹೆಸರಿಲ್ಲದ ಕಾಗದ ಬಂದ್ರೆ ನಾವು ನಮ್ಮ ಏಜೆಂಟರಿಗೆ ಕಳಿಸ್ತೀವಿ. ನಿಜಾನಾ ಸುಳ್ಳಾ ವಿಚಾರಿಸಿ ತಿಳಿಸ್ತಾರೆ. ಪತ್ರಿಕಾ ಧರ್ಮ ಅಂತ ಒಂದು ಇದೆಯಲ್ಲಮ್ಮ."

"ನಮ್ಮೂರಲ್ಲಿ ನಿಮ್ಮ ಏಜೆಂಟರು ಯಾರು?"

ಅವರು ನನ್ನನ್ನು ನಿಜಕ್ಕೂ ಕರುಣೆಯಿಂದ ನೋಡಿದರು. "ನಿಮ್ಮ ಹೆಡ್‌ಮಾಸ್ಟರು. ಎಂಟು ವರ್ಷದಿಂದ ಅವರೇ. ಊರಿನ ಸುದ್ದಿ ಬರೆಯೋರೂ ಅವರೇ. ನಿಮಗೆ ತಿಳೀದಾ?"

ತಿಳಿದಿರಲಿಲ್ಲ. ಊರಿಗೆಲ್ಲ ತಿಳಿದಿತ್ತು, ಅದಕ್ಕೇ ಯಾರೂ ನನಗೆ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೊಸಬರಿಗೆ ಹೇಳಬೇಕು ಎಂದು ಯಾರಿಗೆ ಹೊಳೆಯುತ್ತದೆ? ಪ್ರತಿ ಸೋಮವಾರ ನನ್ನ ಪಾಠದ ಟಿಪ್ಪಣಿಗೆ ಸಹಿ ಹಾಕುತ್ತಿದ್ದವರು ಅವರು. ನನ್ನ ಅಕ್ಷರವನ್ನು ಮೊದಲ ಸಾಲಿಗೇ ಗುರುತು ಹಿಡಿದಿರಬೇಕು. ಬಾಗಿಲು ಹಾಕಿಕೊಂಡು ಹಾಲು ಕದಡಿದ ಹಾಗೆ ನನ್ನ ಕಾಗದವನ್ನೂ ಕದಡಿ ಕಳಿಸಿದ್ದರು.

"ತಪ್ಪಾಗಿದೆ ಅಂತ ಹಾಕಿ" ಎಂದೆ.

"ಹಾಕೋಣ. ನಡೆದದ್ದನ್ನ ಬರೆದು ಸಹಿ ಮಾಡಿ ಕೊಡಿ. ನಿಮ್ಮ ಹೆಸರಲ್ಲಿ ಸ್ಪಷ್ಟನೆ ಬರುತ್ತೆ."

ಸರ್ಕಾರಿ ನೌಕರಿಯಲ್ಲಿರುವವರು ಅಪ್ಪಣೆಯಿಲ್ಲದೆ ಪತ್ರಿಕೆಗೆ ಬರೆಯಬಾರದು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಪೆನ್ನನ್ನೇ ಕೇಳಿ ಪಡೆದು ಅಲ್ಲೇ ಬರೆದೆ. ಡ್ರಮ್ಮು ಎಲ್ಲಿತ್ತು, ಯಾರು ಕೊಟ್ಟರೆಂದು ಯಾರು ಹೇಳಿದರು, ಎಲ್ಲ. ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಹೊರಡುವಾಗ ಮೊಳೆ ಜೋಡಿಸುವ ಮುದುಕ ಬಾಗಿಲವರೆಗೆ ಬಂದು, "ನಾನು ಜೋಡ್ಸೋನು ಅಷ್ಟೇ ತಾಯಿ" ಎಂದ. ನಾನು ತಿರುಗಿ ನೋಡದೆ ನಡೆದೆ. ಅವನ ಮೇಲೂ ನನಗೆ ಸಿಟ್ಟೇ ಇತ್ತು. ಆ ಕೊನೆಯ ಸಾಲನ್ನು ಒಂದೊಂದೇ ಅಕ್ಷರವಾಗಿ ಕೈಯಲ್ಲಿ ಹೆಕ್ಕಿದವನು ತಾನೆ.

ಮುಂದಿನ ಗುರುವಾರ ಪತ್ರಿಕೆ ಹುಡುಕಬೇಕಾಗಲಿಲ್ಲ. ಯಾರೋ ನನ್ನ ಕೋಣೆಯ ಬಾಗಿಲ ಸಂದಿಯಲ್ಲಿ ತುರುಕಿದ್ದರು. 'ಸ್ಪಷ್ಟನೆ' ಎಂಬ ತಲೆಬರಹ, ಕೆಳಗೆ ಎರಡೇ ಸಾಲು. ನನ್ನ ಪೂರ್ತಿ ಹೆಸರು, ತಂದೆಯ ಹೆಸರು, ಶಾಲೆಯ ಹೆಸರು. 'ಇವರು ತಾವು ಮಕ್ಕಳ ಹಾಲಿನ ಪುಡಿಯನ್ನು ಕದ್ದಿಲ್ಲವೆಂದು ನಮ್ಮ ಕಚೇರಿಗೆ ಖುದ್ದು ಬಂದು ತಿಳಿಸಿರುತ್ತಾರೆ.' ಅಷ್ಟೇ. ಅಲ್ಲಿಯವರೆಗೆ ಹೆಸರಿಲ್ಲದ ಕಳ್ಳಿ, ಈಗ ಹೆಸರು ಸಿಕ್ಕ ಕಳ್ಳಿಯಾದೆ.

ಅದೇ ಸಂಜೆ ಮನೆಯೊಡತಿ ಬಂದು ನನ್ನ ಕೋಣೆಯ ಹೊಸ್ತಿಲಾಚೆಯೇ ನಿಂತರು. "ನಿಂಗ ಬೇರೆ ಮನೆ ನೋಡ್ಕಳಿ. ಯಂಗೆ ಪೋಲೀಸು ಕೋರ್ಟು ಎಲ್ಲ ಆಗ್ತಿಲ್ಲೆ" ಎಂದರು. ಯಾರೋ ಆ ಪತ್ರಿಕೆಯನ್ನು ತೀರ್ಥಹಳ್ಳಿಗೂ ಮುಟ್ಟಿಸಿದ್ದರು, ಅಪ್ಪನಿಂದ ಕಾರ್ಡು ಬಂತು. ಅದರಲ್ಲಿ ಕ್ಷೇಮಸಮಾಚಾರ ಇರಲಿಲ್ಲ, 'ರಾಜೀನಾಮೆ ಕೊಟ್ಟು ಮನೆಗೆ ಬಾ' ಎಂದು ಒಂದೇ ಸಾಲು. ಪತ್ರಿಕೆಯಲ್ಲಿ ಬಂದದ್ದು ಸುಳ್ಳಿರಬಹುದು ಎನ್ನುವುದು ಅವರ ತಲೆಗೇ ಹೋಗಲಿಲ್ಲ. ನಾನು ಉತ್ತರ ಬರೆಯಲಿಲ್ಲ. ಹದಿನೈದು ದಿನದಲ್ಲಿ ಇಲಾಖೆಯಿಂದ ಮೆಮೋ ಬಂತು: ಅಪ್ಪಣೆಯಿಲ್ಲದೆ ಪತ್ರಿಕಾ ಕಚೇರಿಗೆ ಹೋದದ್ದೇಕೆ? ಹಾಲಿನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ನಾನು ಹಾಲಿನ ಬಗ್ಗೆ ಮಾತ್ರ ನಾಲ್ಕು ಹಾಳೆ ಉತ್ತರ ಬರೆದೆ. ಅದಕ್ಕೆ ಮರುಉತ್ತರವಾಗಿ ವರ್ಗದ ಆರ್ಡರು ಬಂತು. ಮೇಗರವಳ್ಳಿ ಕಡೆಯ ಒಂದು ಶಾಲೆ. ಆಗುಂಬೆಯ ಕಾಡಿಗೆ ಎಸೆದರೆ ಬಾಯಿ ಮುಚ್ಚುತ್ತಾಳೆ ಎಂದುಕೊಂಡಿರಬೇಕು.

ವರ್ಗವಾದವರಿಗೆ ಬೀಳ್ಕೊಡುಗೆ ಮಾಡುವುದು ಪದ್ಧತಿ. ಹೆಡ್‌ಮಾಸ್ಟರು ಪದ್ಧತಿ ತಪ್ಪುವವರಲ್ಲ. ಊರವರನ್ನೆಲ್ಲ ಕರೆದರು. ಅವಮಾನಕ್ಕೆ ಜನ ಬೇಕಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಸಿ, ನನಗೆ ಸೇವಂತಿಗೆ ಹಾರ ಹಾಕಿ ಮಾತಾಡಿದರು. ನಾನು ಚಿಕ್ಕವಳು, ಚಿಕ್ಕವರು ತಪ್ಪು ಮಾಡುತ್ತಾರೆ, ಹಿರಿಯರಾದ ನಾವು ಕ್ಷಮಿಸಬೇಕು. ಹೀಗೆ ಕಾಲು ಗಂಟೆ. ಮೇಷ್ಟ್ರು ಎರಡು ಸಲ ತಲೆಯಾಡಿಸಿದರು. ಆಮೇಲೆ ಹೆಡ್‌ಮಾಸ್ಟರು "ಟೀಚರ್ ಎರಡು ಮಾತು ಆಡ್ಬೇಕು" ಎಂದು ಕೂತರು. ನಾನು ಅತ್ತು ಕೈಮುಗಿಯುತ್ತೇನೆ ಎಂದು ಅವರು ನಂಬಿದ್ದರು.

ನಾನು ಎದ್ದು ಹಾರ ತೆಗೆದು ಕುರ್ಚಿಯ ಮೇಲಿಟ್ಟೆ. ಈ ಸಲ ಚಂದದ ವಾಕ್ಯ ಯಾವುದೂ ಬೇಕಿರಲಿಲ್ಲ.

"ಪುಡಿ ಹೋಟೆಲಿಗೆ ಕೊಟ್ಟೋರು ಹೆಡ್‌ಮಾಸ್ಟರು. ಡ್ರಮ್ಮು ಈಗಲೂ ಹೋಟೆಲಿನ ಹಿತ್ತಲಲ್ಲಿದೆ. ಹತ್ತು ಹೆಜ್ಜೆ ಹೋಗಿ ನೋಡ್ಬಹುದು. ಪೇಪರಿಗೆ ನನ್ನ ಮೇಲೆ ಬರೆದೋರೂ ಇವರೇ. ನಾನು ಯಾರ ಕ್ಷಮೆನೂ ಕೇಳಿಲ್ಲ, ನಂಗೆ ಬೇಕೂ ಇಲ್ಲ."

ಹೋಟೆಲಿನ ಯಜಮಾನರು ಚಪ್ಪಲಿ ಹುಡುಕತೊಡಗಿದರು. ಹೆಡ್‌ಮಾಸ್ಟರು ಎದ್ದು, "ಈಗ ಮಕ್ಕಳಿಂದ ಜನಗಣಮನ" ಎಂದರು. ಅವರ ಧ್ವನಿ ಒಡೆದಿತ್ತು. ಮಕ್ಕಳು ಹಾಡಲು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬಳು ಹೆಂಗಸು ಎದ್ದಳು. ಗೇಣಿ ಗದ್ದೆ ಮಾಡುವ ಮನೆಯವಳು, ಅವಳ ಮಗಳು ಎರಡನೇ ತರಗತಿಯಲ್ಲಿದ್ದಳು. ಅಂದು ಹುಲ್ಲಿನ ಹೊರೆ ಹೊತ್ತು ನನ್ನನ್ನು ನೋಡಿ ಉಗಿದವಳು ಅವಳೇ.

"ನಂಗೆ ಪೇಪರ್ ಓದಕ್ಕೆ ಬರಲ್ಲ. ಇವ್ರು ಹಿಂಗಂತೆ ಅಂತ ಅವ್ರಿವ್ರು ಓದಿ ಹೇಳಿದ್ರು" ಎಂದಳು. "ಆದ್ರೆ ಈ ಅಕ್ಕೋರು ಬರಕ್ ಮುಂಚೆನೂ ನಮ್ ಹುಡ್ಗಿ ನೀರೇ ಕುಡೀತಿದ್ಲು. ಆವಾಗ ಕದ್ದೋರ್ಯಾರು?"

ಅಷ್ಟು ಸರಳ ಪ್ರಶ್ನೆ ಸಂಪಾದಕರಿಗೂ ಹೊಳೆದಿರಲಿಲ್ಲ, ಇನ್ಸ್‌ಪೆಕ್ಟರಿಗೂ ಹೊಳೆದಿರಲಿಲ್ಲ. ನನ್ನ ನಾಲ್ಕು ಹಾಳೆಯ ಉತ್ತರದಲ್ಲೂ ಅದು ಇರಲಿಲ್ಲ. ಆದರೂ ಆಕೆ ನನ್ನ ಹತ್ತಿರ ಬಂದು ತಪ್ಪಾಯಿತು ಎನ್ನಲಿಲ್ಲ. ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ನಾನೂ ಅವಳನ್ನು ಕರೆಯಲಿಲ್ಲ.

ಸಭೆಯ ವರದಿಯನ್ನು ಅದೇ ವಾರಪತ್ರಿಕೆಯಲ್ಲಿ, ತೀರ್ಥಹಳ್ಳಿಯಲ್ಲಿ ಬಸ್ಸು ಕಾಯುವಾಗ ಓದಿದೆ. 'ವರ್ಗಾವಣೆಗೊಂಡ ಶಿಕ್ಷಕಿಯನ್ನು ಆತ್ಮೀಯವಾಗಿ ಬೀಳ್ಕೊಡಲಾಯಿತು. ಅವರು ಗದ್ಗದಿತರಾಗಿ ಮಾತನಾಡಿದರು.' ಆ ಹೆಡ್‌ಮಾಸ್ಟರು ಅದೇ ಶಾಲೆಯಲ್ಲಿ ನಿವೃತ್ತರಾದರು, ಅವರ ಮೇಲೆ ವಿಚಾರಣೆ ಆಗಲೇ ಇಲ್ಲ. ಆದರೆ ಬೀಳ್ಕೊಡುಗೆಯ ಮಾರನೇ ದಿನದಿಂದ ನಾಲ್ಕೈದು ಹೆಂಗಸರು ಸರದಿಯ ಮೇಲೆ ಶಾಲೆಗೆ ಹೋಗಿ, ಹಾಲು ಕದಡುವಾಗ ಬಾಗಿಲಲ್ಲಿ ಕೂರತೊಡಗಿದರೆಂದು ಆಮೇಲೆ ತಿಳಿಯಿತು. ಅದನ್ನು ಯಾವ ಪತ್ರಿಕೆಯೂ ಹಾಕಲಿಲ್ಲ.

ಮೇಗರವಳ್ಳಿಯ ಬಸ್ಸಿನ ಕಂಡಕ್ಟರು ನನ್ನ ಟ್ರಂಕು ಏರಿಸುತ್ತಾ, "ಹಾಲಿನ ಪುಡಿ ಅಕ್ಕೋರು ನೀವೇನಾ?" ಎಂದ. ಸುದ್ದಿ ನನಗಿಂತ ಮುಂಚಿನ ಬಸ್ಸಿನಲ್ಲೇ ಬಂದಿತ್ತು. ಹೊಸ ಶಾಲೆಯ ಹೆಡ್‌ಮಾಸ್ಟರು ಬಡಕಲು ಮನುಷ್ಯ. ನಾನು ನಮಸ್ಕಾರ ಹೇಳುವುದಕ್ಕೂ ಬಿಡದೆ ದಾಸ್ತಾನು ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದರು.

"ಹಾಲು ನೀವೇ ನೋಡ್ಕೊಳ್ಳಿ. ನಂಗೆ ಹೆಂಡ್ತಿ ಮಕ್ಕಳು ಇದ್ದಾರೆ, ಪೇಪರಿನ ಸಹವಾಸ ಬೇಡ."

ಆ ಮನುಷ್ಯ ಒಂದು ಚಮಚ ಪುಡಿಯನ್ನೂ ಮುಟ್ಟಿದವರಲ್ಲ ಎಂದು ನನಗೆ ಮುಂದೆ ತಿಳಿಯಿತು. ಆ ದಿನ ಮಾತ್ರ ಅವರಿಗೆ ಹೆದರಬೇಡಿ ಎಂದು ಸಮಾಧಾನ ಹೇಳಬೇಕೆಂದು ನನಗೆ ಅನ್ನಿಸಲಿಲ್ಲ. ಬೀಗದ ಕೈ ಎತ್ತಿಕೊಂಡು, "ಡ್ರಮ್ಮು ಎಷ್ಟಿವೆ?" ಎಂದು ಕೇಳಿದೆ.